ನಡೆದವರೆಲ್ಲ ವ್ಯಾಯಾಮ ಮಾಡಿದವರಲ್ಲ

ಕಳೆದ ಬೇಸಿಗೆಯಲ್ಲಿ ತುರುವೇಕೆರೆ ತಾಲ್ಲೂಕಿನ ನಮ್ಮ ಊರಿಗೆ ಹೋಗಿದ್ದಾಗ ನಡೆದ ಒಂದು ಸಣ್ಣ ಸಂಭಾಷಣೆಯಿಂದ ಈ ಬರಹವನ್ನು ಆರಂಭಿಸುತ್ತೇನೆ. ನಿವೃತ್ತಿಯಾದ ಮೇಲೆ ತೋಟ ನೋಡುವ ನೆಪದಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ಊರಿಗೆ ಹೋಗಿಬರುವುದು ನನ್ನ ರೂಢಿ. ಅಂದು ದೊಡ್ಡಪ್ಪನ ಮಗನ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಆಶಾ ಕಾರ್ಯಕರ್ತೆಯೊಬ್ಬರು ಬಿಸಿಲಿನಲ್ಲಿ ನಡೆದು ಬಂದು, ಅಣ್ಣನ ಮಾತ್ರೆಗಳಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಿ, ಮುಂದಿನ ವಾರ ಆಸ್ಪತ್ರೆಗೆ ಹೋಗುವುದನ್ನು ಅತ್ತಿಗೆಗೆ ನೆನಪಿಸಿ, ಒಂದು ಲೋಟ ನೀರು ಕುಡಿದು ಕಂಬಕ್ಕೆ ಒರಗಿದರು. ಎರಡೂ ಕೈಗಳಿಂದ ಮಂಡಿ ಒತ್ತಿಕೊಳ್ಳುತ್ತಿದ್ದರು. ರಾತ್ರಿ ನಿದ್ದೆ ಹತ್ತುವುದಿಲ್ಲ, ಮನೆಯಲ್ಲಿ ಯಾರು ಮಾತನಾಡಿಸಿದರೂ ಸಿಡುಕು ಬರುತ್ತದೆ ಎಂದರು. ನಗರದಲ್ಲಿ ದಿನವೂ ಬೆಳಿಗ್ಗೆ ಉದ್ಯಾನ ಸುತ್ತುವ ನಾನು, ಅಂಥವರೆಲ್ಲ ಹೇಳುವ ಮಾತನ್ನೇ ಹೇಳಿದೆ: ‘ದಿನಾ ಅರ್ಧ ಗಂಟೆ ವ್ಯಾಯಾಮ ಮಾಡಿ, ಸರಿಹೋಗುತ್ತೆ.’

ಆಕೆ ನಕ್ಕರು. ‘ಬೆಳಿಗ್ಗೆಯಿಂದ ಮೂರು ಊರು ನಡೆದಿದ್ದೀನಿ ಸಾರ್. ಇನ್ನು ವ್ಯಾಯಾಮ ಅಂತ ಎಲ್ಲಿಗೆ ನಡೀಲಿ?’

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತ ಹೋದಾಗ ಅದು ಒಬ್ಬ ಹೆಣ್ಣುಮಗಳ ಮಂಡಿನೋವಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲವೆಂದು ಮನವರಿಕೆಯಾಯಿತು. ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ದುಡಿಯುವವರ ಆರೋಗ್ಯವನ್ನು ಯಾರು, ಹೇಗೆ, ಯಾರ ಖರ್ಚಿನಲ್ಲಿ ನೋಡಿಕೊಳ್ಳಬೇಕೆಂಬ ಪ್ರಶ್ನೆ ಅದರಲ್ಲಿ ಅಡಗಿತ್ತು.

ಮೊದಲು ಅಣ್ಣನ ವಿಷಯ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆತನಿಗೆ ಸ್ಕಿಜೋಫ್ರೇನಿಯಾ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕೊಬ್ಬರಿ ಅಟ್ಟದ ಪಕ್ಕದ ಕೋಣೆಯೇ ಆತನ ಲೋಕವಾಗಿತ್ತು. ದೇವರು, ದಿಂಡರು, ತಾಯಿತ, ಒಮ್ಮೆ ಬೆಂಗಳೂರಿನ ಆಸ್ಪತ್ರೆ, ಎಲ್ಲವೂ ಆದವು. ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಕರೆದೊಯ್ಯುವ ಶಕ್ತಿ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನ್ನನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ. ಆತನ ಚಿಕಿತ್ಸೆ ನಿಂತಲ್ಲದೆ ನಡೆಯತೊಡಗಿದ್ದು ಚಿಕಿತ್ಸೆಯೇ ತಾಲ್ಲೂಕಿನ ಮಟ್ಟಕ್ಕೆ ಬಂದ ಮೇಲೆ.

ಅದು ಹೇಗೆ ಬಂತೆಂಬುದು ನಮ್ಮ ರಾಜ್ಯ ಹೆಮ್ಮೆಪಡಬಹುದಾದ ಚರಿತ್ರೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕ್ಷೇತ್ರ ಸಿಬ್ಬಂದಿಗೂ ತರಬೇತಿ ನೀಡಿ, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಸಮೀಪಕ್ಕೆ ಒಯ್ಯಬಹುದೆಂದು ಅದು ತೋರಿಸಿಕೊಟ್ಟಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅನಂತರ 2005ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಮುಂದೆ ನಮ್ಮ ತುರುವೇಕೆರೆಯಲ್ಲಿ, ಆಮೇಲೆ ಜಗಳೂರಿನಲ್ಲಿ, ತೀವ್ರ ಮನೋರೋಗಿಗಳನ್ನು ಅವರಿರುವ ಹಳ್ಳಿಯಲ್ಲೇ ಗುರುತಿಸಿ ಚಿಕಿತ್ಸೆ ನೀಡುವ ಕಾರ್ಯಕ್ರಮವನ್ನು ನಿಮ್ಹಾನ್ಸ್ ಕೈಗೊಂಡಿತು. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರನ್ನು ಕಳುಹಿಸುವ ವ್ಯವಸ್ಥೆ ಆರಂಭಿಸಿತು. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ದೂರವಾಣಿ ಸೇವೆ ಬಂತು. 14416 ಸಂಖ್ಯೆಗೆ ಕರೆ ಮಾಡಿದರೆ ಆಪ್ತಸಮಾಲೋಚಕರು ಸಿಗುತ್ತಾರೆ.

ಈ ಎಲ್ಲ ವ್ಯವಸ್ಥೆಗಳಲ್ಲಿ ಒಂದು ಸಾಮ್ಯವಿದೆ. ವೈದ್ಯರ ಸಂಖ್ಯೆ ಕಡಿಮೆ ಇರುವುದರಿಂದ ಭಾರವು ವೈದ್ಯರಲ್ಲದವರ ಹೆಗಲಿಗೆ ಬಂದಿದೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ನಮ್ಮ ದೇಶದಲ್ಲಿ ಲಕ್ಷ ಜನಸಂಖ್ಯೆಗೆ 0.75ರಷ್ಟು ಮನೋವೈದ್ಯರಿದ್ದಾರೆ ಎಂಬುದು ಕೇಂದ್ರದ 2023-24ರ ಆರ್ಥಿಕ ಸಮೀಕ್ಷೆಯೂ ಉಲ್ಲೇಖಿಸಿದ ಅಂಕಿ. 2011ರ ಜನಗಣತಿಯಂತೆ ತುಮಕೂರು ಜಿಲ್ಲೆಯ ಜನಸಂಖ್ಯೆ 26.8 ಲಕ್ಷ, ತಾಲ್ಲೂಕುಗಳು ಹತ್ತು. ಈ ಅನುಪಾತವನ್ನು ಯಥಾವತ್ತಾಗಿ ಅನ್ವಯಿಸಿದರೂ ಇಡೀ ಜಿಲ್ಲೆಗೆ ಸುಮಾರು ಇಪ್ಪತ್ತು ಮನೋವೈದ್ಯರು; ಅವರಲ್ಲಿ ಹೆಚ್ಚಿನವರು ನಗರದಲ್ಲೇ ಇರುತ್ತಾರೆಂದು ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹಳ್ಳಿಗಳಲ್ಲಿ ಮನೋರೋಗಿಯ ಬಾಗಿಲಿಗೆ ಬರುವವರು ಸಮಾಜ ಕಾರ್ಯಕರ್ತರು, ಶುಶ್ರೂಷಕಿಯರು, ಆಪ್ತಸಮಾಲೋಚಕರು ಮತ್ತು ಆಶಾ ಕಾರ್ಯಕರ್ತೆಯರು. ಇವರಲ್ಲಿ ಬಹುಪಾಲು ಮಂದಿ ಗುತ್ತಿಗೆ ಅಥವಾ ಗೌರವಧನದ ಮೇಲೆ ದುಡಿಯುವವರು.

ಈ ಕೆಲಸದ ಆಯಾಸ ಬೇರೆ ಬಗೆಯದು. ಅಮೆರಿಕದ ಮನೋವೈಜ್ಞಾನಿಕ ಚಿಕಿತ್ಸಕ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಇದನ್ನು ‘ಬರ್ನ್‌ಔಟ್’ ಎಂದು ಕರೆದರು. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸಹೋದ್ಯೋಗಿ 1981ರಲ್ಲಿ ಅದನ್ನು ಅಳೆಯುವ ಮಾಪನವೊಂದನ್ನು ಪ್ರಕಟಿಸಿದರು. ಅದರಲ್ಲಿ ಮೂರು ಅಂಶಗಳಿವೆ: ಭಾವನಾತ್ಮಕ ಬರಿದಾಗುವಿಕೆ, ಎದುರಿಗಿರುವ ವ್ಯಕ್ತಿಯನ್ನು ವಸ್ತುವಿನಂತೆ ಕಾಣತೊಡಗುವುದು ಮತ್ತು ತನ್ನ ಕೆಲಸದಿಂದ ಏನೂ ಆಗುತ್ತಿಲ್ಲವೆಂಬ ಭಾವ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆಂದಲ್ಲ, ವೃತ್ತಿಗೆ ಸಂಬಂಧಿಸಿದ ವಿದ್ಯಮಾನವೆಂದು ತನ್ನ ವರ್ಗೀಕರಣದಲ್ಲಿ ಸೇರಿಸಿತು. ಈ ವ್ಯತ್ಯಾಸ ಮುಖ್ಯವಾದುದು. ರೋಗವಾದರೆ ಅದು ರೋಗಿಯ ದೇಹದಲ್ಲಿರುತ್ತದೆ; ವೃತ್ತಿಯ ವಿದ್ಯಮಾನವಾದರೆ ಅದರ ಮೂಲ ಕೆಲಸದ ಏರ್ಪಾಡಿನಲ್ಲಿರುತ್ತದೆ.

ನಮ್ಮ ಸೀಮೆಯವರಿಗೆ ಇದು ಸುಲಭವಾಗಿ ಅರ್ಥವಾಗುವಂಥದ್ದು. ಉಂಡೆ ಕೊಬ್ಬರಿ ಮಾಡಲು ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತೇವೆ. ಹೊರಗಿನ ಸಿಪ್ಪೆ, ಕರಟ ಹಾಗೆಯೇ ಇರುತ್ತವೆ. ಒಳಗಿನ ನೀರು ಮಾತ್ರ ಹನಿಯುಳಿಯದೆ ಇಂಗುತ್ತದೆ. ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಮಾತ್ರ ತಿಳಿಯುತ್ತದೆ. ಕೊಬ್ಬರಿಗೆ ಅದರಿಂದ ಬೆಲೆ ಬರುತ್ತದೆ, ಮನುಷ್ಯನಿಗೆ ಬರುವುದಿಲ್ಲ.

ನನ್ನ ತಂಗಿಯ ಮಗಳೊಬ್ಬಳು ನಗರದ ಖಾಸಗಿ ಸಹಾಯವಾಣಿಯೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದಳು. ದಿನಕ್ಕೆ ಎಂಟು ಗಂಟೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕುಳಿತು, ಸಾಯಬೇಕೆಂದಿರುವವರ ಮಾತು ಕೇಳುವ ಕೆಲಸ. ಒಂದು ಕರೆ ಮುಗಿದ ಮರುಕ್ಷಣವೇ ಮತ್ತೊಂದು. ಎರಡು ವರ್ಷಗಳ ಬಳಿಕ ಒಂದು ಭಾನುವಾರ ಮನೆಗೆ ಬಂದವಳು, ‘ಮಾವ, ಈಗ ಯಾರು ಅತ್ತರೂ ನನಗೆ ಏನೂ ಅನ್ನಿಸುವುದಿಲ್ಲ’ ಎಂದಳು. ಅದನ್ನು ಹೇಳುವಾಗ ಆಕೆಯ ಮುಖದಲ್ಲಿ ದುಃಖವಿರಲಿಲ್ಲ, ಗಾಬರಿ ಇತ್ತು. ಆರು ತಿಂಗಳಲ್ಲಿ ಆ ಕೆಲಸ ಬಿಟ್ಟಳು. ಎರಡು ವರ್ಷದ ಸ್ನಾತಕೋತ್ತರ ಓದು, ಅನಂತರದ ತರಬೇತಿ, ಗಳಿಸಿದ ಅನುಭವ, ಎಲ್ಲವೂ ಆಕೆಯೊಡನೆ ಹೊರನಡೆದವು. ಆ ಸಂಸ್ಥೆಯೂ ತನ್ನ ಸಿಬ್ಬಂದಿಗೆ ಸ್ವಾಸ್ಥ್ಯ ಕಾರ್ಯಕ್ರಮ ಇಟ್ಟಿತ್ತು: ಕೆಲಸದ ಅವಧಿ ಮುಗಿದ ಮೇಲೆ, ಸ್ವಂತ ಮೊಬೈಲಿನಲ್ಲಿ ನೋಡಿಕೊಂಡು ಮಾಡುವ ವ್ಯಾಯಾಮ. ಎಂಟು ಗಂಟೆ ದುಡಿದು, ಒಂದೂವರೆ ಗಂಟೆ ಬಸ್ಸಿನಲ್ಲಿ ನಿಂತು ಮನೆ ಸೇರಿದವರು ಯಾರು ಮಾಡುತ್ತಾರೆ?

ಒಬ್ಬಾಕೆ ನಡೆದು ಬಳಲಿದವರು, ಇನ್ನೊಬ್ಬಳು ಕುಳಿತು ಬಳಲಿದವಳು. ಇಬ್ಬರಿಗೂ ನಾವು ಕೊಡುವ ಸಲಹೆ ಒಂದೇ. ಕುಳಿತವಳಿಗೆ ದೇಹದ ಚಲನೆ ಬೇಕೆಂಬುದು ಎಲ್ಲರೂ ಒಪ್ಪುವ ಮಾತು. ನಡೆದವರಿಗೆ ಏಕೆ?

ಈ ಪ್ರಶ್ನೆಗೆ ವಿಜ್ಞಾನದ ಉತ್ತರ ಕುತೂಹಲಕರವಾಗಿದೆ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಮತ್ತು ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆ ಎಂದು ಕಂಡುಕೊಂಡರು. ದುಡಿಮೆಯೇ ವ್ಯಾಯಾಮವೆಂಬ ನಂಬಿಕೆಗೆ ಇದು ಬಲ ನೀಡಿತು. ಆದರೆ ಇತ್ತೀಚಿನ ಅಧ್ಯಯನಗಳು ಬೇರೆಯದನ್ನೇ ಹೇಳುತ್ತಿವೆ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ವೃತ್ತಿಯಲ್ಲಿ ಹೆಚ್ಚು ದೈಹಿಕ ಶ್ರಮ ಪಡುವ ಪುರುಷರಲ್ಲಿ ಅಕಾಲ ಮರಣದ ಸಂಭವ ಕಡಿಮೆ ಶ್ರಮದವರಿಗಿಂತ ಶೇ 18ರಷ್ಟು ಹೆಚ್ಚಿದ್ದುದು ಕಂಡುಬಂತು. ಮಹಿಳೆಯರಲ್ಲಿ ಅಂಥ ಸಂಬಂಧ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಬಿಡುವಿನ ವೇಳೆಯಲ್ಲಿ ಇಷ್ಟಪಟ್ಟು ಮಾಡುವ ಶ್ರಮ ಆರೋಗ್ಯ ನೀಡುತ್ತದೆ, ಹೊಟ್ಟೆಪಾಡಿಗೆ ಅನಿವಾರ್ಯವಾಗಿ ಮಾಡುವ ಶ್ರಮ ಅದೇ ಪ್ರಮಾಣದಲ್ಲಿ ನೀಡುವುದಿಲ್ಲ; ಇದನ್ನು ತಜ್ಞರು ದೈಹಿಕ ಚಟುವಟಿಕೆಯ ವಿರೋಧಾಭಾಸ ಎನ್ನುತ್ತಾರೆ. ಅವರು ಕೊಡುವ ಕಾರಣಗಳು ನಮಗೆ ಅಪರಿಚಿತವಲ್ಲ. ದುಡಿಮೆಯ ಶ್ರಮ ಗಂಟೆಗಟ್ಟಲೆ ಇರುತ್ತದೆ, ಅದರ ವೇಗವನ್ನು ನಿರ್ಧರಿಸುವವರು ಬೇರೆ, ಒಂದೇ ಕೀಲು, ಒಂದೇ ಸ್ನಾಯುವಿನ ಮೇಲೆ ಭಾರ ಬೀಳುತ್ತದೆ, ಚೇತರಿಸಿಕೊಳ್ಳಲು ವಿರಾಮವಿರುವುದಿಲ್ಲ.

ತೆಂಗಿನ ಮರ ಹತ್ತುವವರನ್ನು, ಕಬ್ಬಿಣದ ಸಲಾಕೆಗೆ ಕುಟ್ಟಿ ಕಾಯಿ ಸುಲಿಯುವವರನ್ನು ಬಾಲ್ಯದಿಂದ ಕಂಡ ನಮಗೆ ಇದು ಹೊಸದೇನಲ್ಲ. ಅವರ ತೋಳುಗಳು ಉಕ್ಕಿನಂತಿದ್ದರೂ ಐವತ್ತರ ವಯಸ್ಸಿಗೆ ಸೊಂಟ ಕೈಕೊಡುತ್ತಿತ್ತು. ಅವರು ವ್ಯಾಯಾಮವಿಲ್ಲದೆ ಸೊರಗಿದವರಲ್ಲ. ವಿರಾಮವಿಲ್ಲದೆ, ದೇಹದ ಉಳಿದ ಭಾಗಗಳಿಗೆ ಆರೈಕೆಯಿಲ್ಲದೆ ಸೊರಗಿದವರು. ಆಶಾ ಕಾರ್ಯಕರ್ತೆಯ ನಡಿಗೆಯೂ ಇಂಥದ್ದೇ. ಬಿಸಿಲಲ್ಲಿ ನಡೆಯುವಾಗ ಆಕೆಯ ಮನಸ್ಸು ಮುಂದಿನ ಮನೆಯಲ್ಲಿರುತ್ತದೆ: ಬಾಗಿಲು ತೆಗೆಯುತ್ತಾರೋ ಬೈಯುತ್ತಾರೋ, ಮಾತ್ರೆ ನುಂಗಿದ್ದಾರೋ ಎಸೆದಿದ್ದಾರೋ. ಆ ನಡಿಗೆ ಆಕೆಯದಲ್ಲ, ಇಲಾಖೆಯದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 2016ರಲ್ಲಿ ಜಿಲ್ಲೆಯೊಂದರಲ್ಲಿ ಅಧಿಕಾರಿಯಾಗಿದ್ದಾಗ, ಸಿಬ್ಬಂದಿಯ ಒತ್ತಡ ನಿವಾರಣೆಗಾಗಿ ಪ್ರತಿದಿನ ಬೆಳಿಗ್ಗೆ ಆರೂವರೆಗೆ ಯೋಗಾಭ್ಯಾಸಕ್ಕೆ ಹಾಜರಾಗಬೇಕೆಂಬ ಸುತ್ತೋಲೆಗೆ ನಾನು ಸಹಿ ಹಾಕಿದೆ. ಉದ್ದೇಶ ಒಳ್ಳೆಯದೇ ಆಗಿತ್ತು. ಮೊದಲ ವಾರ ಅಂಗಳ ತುಂಬಿತು, ಪತ್ರಿಕೆಗಳಲ್ಲಿ ಚಿತ್ರ ಬಂತು. ಮೂರನೆಯ ವಾರಕ್ಕೆ ಕೆಲವರಷ್ಟೇ ಉಳಿದರು. ಎರಡನೆಯ ತಿಂಗಳಲ್ಲಿ ಹಾಜರಿ ಪುಸ್ತಕ ತರಿಸಿ ನೋಡಿದರೆ ಎಲ್ಲರ ಸಹಿಯೂ ಇತ್ತು, ಎಲ್ಲವೂ ಒಂದೇ ಕೈಬರಹದಲ್ಲಿ. ಬರುತ್ತಿದ್ದವರು ಯಾರೆಂದು ವಿಚಾರಿಸಿದೆ. ಕಚೇರಿಯ ಸಮೀಪ ಮನೆಯಿದ್ದ, ಮೊದಲಿನಿಂದಲೂ ವ್ಯಾಯಾಮದ ಅಭ್ಯಾಸವಿದ್ದ ಗಂಡಸರು. ಬೆಳಿಗ್ಗೆ ಆರೂವರೆಗೆ ಮಕ್ಕಳ ಬುತ್ತಿ ಕಟ್ಟುತ್ತಿದ್ದ, ಎರಡು ಬಸ್ಸು ಬದಲಿಸಿ ಬರಬೇಕಿದ್ದ ಮಹಿಳೆಯರು ಯಾರೂ ಇರಲಿಲ್ಲ. ಯಾರಿಗೆ ಅಗತ್ಯವಿತ್ತೋ ಅವರಿಗೆ ನನ್ನ ಯೋಜನೆ ಇನ್ನೊಂದು ಹೊರೆಯಾಗಿತ್ತು, ಅಗತ್ಯವಿಲ್ಲದವರಿಗೆ ಪ್ರಮಾಣಪತ್ರವಾಗಿತ್ತು.

ಇದು ನನ್ನೊಬ್ಬನ ಅನುಭವವಲ್ಲವೆಂದು ಆಮೇಲೆ ತಿಳಿಯಿತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಸುಮಾರು ಐದು ಸಾವಿರ ನೌಕರರನ್ನು ಒಳಗೊಂಡು 2016ರಲ್ಲಿ ಸ್ವಾಸ್ಥ್ಯ ಕಾರ್ಯಕ್ರಮವೊಂದರ ಪ್ರಯೋಗ ಆರಂಭಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ವರ್ಷದಲ್ಲಿ ನೌಕರರ ವೈದ್ಯಕೀಯ ವೆಚ್ಚದಲ್ಲಾಗಲಿ ಅವರ ನಡವಳಿಕೆಯಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಸೇರಿಕೊಂಡವರು ಮೊದಲೇ ಹೆಚ್ಚು ಆರೋಗ್ಯವಂತರಾಗಿದ್ದವರು. ಇಂಥ ಕಾರ್ಯಕ್ರಮಗಳ ಜಾಹೀರಾತಿನಲ್ಲಿ ಕಾಣುವ ಲಾಭ ಎಷ್ಟೋ ಸಲ ಈ ಆಯ್ಕೆಯ ಮಾಯೆ. 2024ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿಯನ್ನು ವಿಶ್ಲೇಷಿಸಿ, ಒತ್ತಡ ನಿಭಾಯಿಸುವ ತರಬೇತಿ, ಧ್ಯಾನ, ಮೊಬೈಲ್ ಆ್ಯಪ್ ಮುಂತಾದ ವ್ಯಕ್ತಿಮಟ್ಟದ ಉಪಕ್ರಮಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ಮೇಲಾದ ಸ್ಥಿತಿಯಲ್ಲಿರಲಿಲ್ಲವೆಂದು ವರದಿ ಮಾಡಿದರು.

ಹಾಗಾದರೆ ವ್ಯಾಯಾಮ ಕಾರ್ಯಕ್ರಮಗಳೇ ವ್ಯರ್ಥವೆ? ಹಾಗೆ ತೀರ್ಮಾನಿಸುವುದೂ ಆತುರವಾದೀತು. ಡೆನ್ಮಾರ್ಕ್ ದೇಶದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ದಾರಿ ತೋರುತ್ತದೆ. ಮೂರು ಆಸ್ಪತ್ರೆಗಳ 18 ವಿಭಾಗಗಳ 200 ಮಹಿಳಾ ಸಿಬ್ಬಂದಿಯನ್ನು ಎರಡು ಗುಂಪು ಮಾಡಲಾಯಿತು. ಇಬ್ಬರಿಗೂ ವಾರಕ್ಕೆ ಐದು ಸಲ, ಹತ್ತು ಹತ್ತು ನಿಮಿಷದ ವ್ಯಾಯಾಮ, ಹತ್ತು ವಾರಗಳ ಕಾಲ. ಒಂದು ಗುಂಪು ಅದನ್ನು ಆಸ್ಪತ್ರೆಯಲ್ಲೇ, ಕೆಲಸದ ಅವಧಿಯಲ್ಲಿ, ಸಹೋದ್ಯೋಗಿಗಳ ಜೊತೆ ಮಾಡಿತು. ಇನ್ನೊಂದು ಮನೆಯಲ್ಲಿ, ಬಿಡುವಿನ ವೇಳೆಯಲ್ಲಿ, ಒಂಟಿಯಾಗಿ. ಮೊದಲ ಗುಂಪಿನವರಲ್ಲಿ ಮೈಕೈ ನೋವು ಹೆಚ್ಚು ಇಳಿಯಿತು. ಸೂಚಿಸಿದ ವ್ಯಾಯಾಮದ ಪ್ರಮಾಣ ಒಂದೇ. ಬೇರೆಯಾಗಿದ್ದದ್ದು ಅದು ಯಾರ ಸಮಯ ಮತ್ತು ಯಾರ ಜೊತೆ ಎಂಬುದು. ನನ್ನ ಸುತ್ತೋಲೆ ಸೋತದ್ದು ಎಲ್ಲಿ ಎಂಬುದು ಇದನ್ನು ಓದಿದಾಗ ಸ್ಪಷ್ಟವಾಯಿತು. ನಾನು ಅವರಿಗೆ ವ್ಯಾಯಾಮವನ್ನು ಕೊಟ್ಟಿದ್ದೆ, ಸಮಯವನ್ನು ಕೊಟ್ಟಿರಲಿಲ್ಲ.

ಮಾನಸಿಕ ಆರೋಗ್ಯದ ಕೆಲಸಗಾರರ ವಿಷಯದಲ್ಲಿ ಇನ್ನೂ ಒಂದು ವಿಶೇಷ ಕಾರಣವಿದೆ. ತೀವ್ರ ಮನೋರೋಗಕ್ಕೆ ಕೊಡುವ ಕೆಲವು ಔಷಧಿಗಳಿಂದ ರೋಗಿಯ ತೂಕ ಹೆಚ್ಚುತ್ತದೆ, ಸಕ್ಕರೆ ಕಾಯಿಲೆ, ಹೃದ್ರೋಗಗಳ ಅಪಾಯ ಬೆಳೆಯುತ್ತದೆ. ಇದೇ ಸಮಸ್ಯೆಯ ಬಗ್ಗೆ ತುರುವೇಕೆರೆಯ ರೋಗಿಗಳನ್ನೇ ಅಧ್ಯಯನ ಮಾಡಿ ನಿಮ್ಹಾನ್ಸ್ ವೈದ್ಯರು 2013ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಆದ್ದರಿಂದ ‘ನಡೆಯಿರಿ, ಮೈ ಬಗ್ಗಿಸಿ ಕೆಲಸ ಮಾಡಿ’ ಎಂದು ರೋಗಿಗೆ ಹೇಳುವುದೂ ಈ ಕಾರ್ಯಕರ್ತರ ಕರ್ತವ್ಯದ ಭಾಗವೇ. ತಾನು ಅನುಭವಿಸದ್ದನ್ನು ಹೇಳಿದರೆ ಅದು ಉಪದೇಶವಾಗಿ ಉಳಿಯುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೋಗಿಗಳ ದೈಹಿಕ ಆರೋಗ್ಯಕ್ಕಾಗಿ ಯೋಜನೆ ರೂಪಿಸಿದವರು ಅದಕ್ಕೆ ಮುನ್ನುಡಿಯಾಗಿ ಮಾನಸಿಕ ಆರೋಗ್ಯ ಸಿಬ್ಬಂದಿಗೇ ಅಂಥದೊಂದು ವ್ಯಾಯಾಮ ಮತ್ತು ಆಹಾರ ಕ್ರಮದ ಕಾರ್ಯಕ್ರಮ ನಡೆಸಿದರು. ಸಿಬ್ಬಂದಿಯ ಅನುಭವದ ಮೂಲಕ ರೋಗಿಯನ್ನು ತಲುಪಬಹುದೆಂಬುದು ಅದರ ಹಿಂದಿನ ವಿಚಾರ.

ನಮ್ಮಲ್ಲಿ ಇದಕ್ಕೆ ಬೇಕಾದ ತಿಳಿವಳಿಕೆಗೆ ಕೊರತೆಯಿಲ್ಲ. ಸ್ಕಿಜೋಫ್ರೇನಿಯಾ ರೋಗಿಗಳಿಗೆ ಔಷಧಿಯ ಜೊತೆ ಯೋಗ ನೆರವಾಗುತ್ತದೆಯೇ ಎಂಬ ಬಗ್ಗೆ ನಿಮ್ಹಾನ್ಸ್‌ನಲ್ಲಿ ನಡೆದ ಪ್ರಯೋಗದ ಫಲಿತಾಂಶ 2007ರಲ್ಲೇ ಪ್ರಕಟವಾಗಿದೆ. ರೋಗಿಯನ್ನು ನೋಡಿಕೊಳ್ಳುವ ಮನೆಮಂದಿಗೆ ಯೋಗ ಕಲಿಸಿದ ಪ್ರಯೋಗ 2013ರಲ್ಲಿ ಬಂತು. ಯೋಗಕ್ಕಾಗಿ ಅಲ್ಲಿ ಪ್ರತ್ಯೇಕ ಕೇಂದ್ರವೇ ಇದೆ. ರೋಗಿಯಾಯಿತು, ರೋಗಿಯ ಮನೆಯವರಾಯಿತು. ಇವರಿಬ್ಬರ ನಡುವೆ ದಿನವೂ ಓಡಾಡುವ ಮೂರನೆಯವರಿಗೆ ಆ ತಿಳಿವಳಿಕೆಯನ್ನು ತಲುಪಿಸುವುದು ಈಗ ಆಗಬೇಕಾದ ಕೆಲಸ.

ಒಂದು ಎಚ್ಚರಿಕೆಯ ಮಾತು ಇಲ್ಲಿ ಅಗತ್ಯ. ವ್ಯಾಯಾಮ ಎಂಬುದು ಸಂಬಳದ ಬದಲಿಯಲ್ಲ, ಖಾಲಿ ಹುದ್ದೆಯ ಬದಲಿಯೂ ಅಲ್ಲ. 2025ರ ಜನವರಿ 7ರಿಂದ ನಾಲ್ಕು ದಿನ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಮಲಗಿ ಧರಣಿ ನಡೆಸಿದಾಗ ಅವರು ಕೇಳಿದ್ದು ಯೋಗ ಶಿಬಿರವನ್ನಲ್ಲ. ತಿಂಗಳಿಗೆ 15 ಸಾವಿರ ರೂಪಾಯಿ ಗೌರವಧನವನ್ನು. ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆದು ಅವರು ಊರಿಗೆ ಮರಳಿದರು. ಗೌರವಧನ ಸಕಾಲಕ್ಕೆ ಬಾರದ ಮನೆಗೆ ಪ್ರಾಣಾಯಾಮದ ಕರಪತ್ರ ಕಳುಹಿಸುವುದು ಕ್ರೌರ್ಯ. ಬಳಲಿಕೆಗೆ ಕಾರಣವಾದ ಏರ್ಪಾಡನ್ನು ಹಾಗೆಯೇ ಬಿಟ್ಟು, ಬಳಲಿದವರಿಗೆ ಗಟ್ಟಿಯಾಗಲು ಹೇಳುವ ಕಾರ್ಯಕ್ರಮಗಳನ್ನು ನೌಕರರು ಅನುಮಾನದಿಂದ ನೋಡುವುದು ಸಹಜ. ಆದರೆ ಸಂಬಳ ಸರಿಹೋಗುವ ತನಕ ಮಂಡಿನೋವು ಕಾಯುವುದಿಲ್ಲ. ಎರಡೂ ಜೊತೆಜೊತೆಯಲ್ಲಿ ಆಗಬೇಕು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಲೆಕ್ಕ ಹಾಕಿ ನೋಡಿದೆ. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆಯೆಂದರೆ 2,880 ನಿಮಿಷಗಳ ದುಡಿಮೆ. ಅದರಲ್ಲಿ ಐವತ್ತು ನಿಮಿಷವೆಂದರೆ ಶೇ 2ಕ್ಕಿಂತಲೂ ಕಡಿಮೆ. ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕಿ ಕೆಲಸ ಬಿಟ್ಟು ಹೋದರೆ, ಇನ್ನೊಬ್ಬರನ್ನು ನೇಮಿಸಿ ತರಬೇತಿ ನೀಡುವವರೆಗೆ ಆ ಕುರ್ಚಿ ತಿಂಗಳುಗಟ್ಟಲೆ ಖಾಲಿಯಿರುತ್ತದೆ. ಆ ನಷ್ಟದ ಮುಂದೆ ಈ ಐವತ್ತು ನಿಮಿಷ ದೊಡ್ಡ ಖರ್ಚಲ್ಲ. ವ್ಯಾಯಾಮವೊಂದೇ ಅಂಥವರನ್ನು ಉಳಿಸುತ್ತದೆಂದು ನಾನು ಹೇಳುತ್ತಿಲ್ಲ. ಉಳಿಸಬಲ್ಲ ಕ್ರಮಗಳಲ್ಲಿ ಅತ್ಯಂತ ಅಗ್ಗವಾದುದನ್ನೂ ನಾವು ಪ್ರಾಮಾಣಿಕವಾಗಿ ಪ್ರಯತ್ನಿಸಿಲ್ಲವೆಂದಷ್ಟೇ ಹೇಳುತ್ತಿದ್ದೇನೆ.

ಆದರೆ ಒಂದು ತೊಡಕಿದೆ. ಕೆಲಸದ ಅವಧಿಯಲ್ಲಿ ಸಮಯ ಕೊಡಬೇಕೆಂದರೆ ಮೊದಲು ಕೆಲಸಕ್ಕೊಂದು ಅವಧಿ ಇರಬೇಕು. ಆಶಾ ಕಾರ್ಯಕರ್ತೆ ಕಾಗದದ ಮೇಲೆ ಸ್ವಯಂಸೇವಕಿ. ಬೆಳಗಿನ ಜಾವದ ಹೆರಿಗೆಯೂ ಆಕೆಯದೇ, ರಾತ್ರಿ ಮಾತ್ರೆ ನಿರಾಕರಿಸಿ ಗಲಾಟೆ ಮಾಡುವ ರೋಗಿಯ ಮನೆಯಿಂದ ಬರುವ ಕರೆಯೂ ಆಕೆಗೇ. ಆರಂಭವೂ ಅಂತ್ಯವೂ ಇಲ್ಲದ ದುಡಿಮೆಯಲ್ಲಿ ಹತ್ತು ನಿಮಿಷವನ್ನು ಎಲ್ಲಿಂದ ಕತ್ತರಿಸಿ ಕೊಡುವುದು?

ಇದಕ್ಕೂ ಪರಿಹಾರವಿಲ್ಲದಿಲ್ಲ. ಆಡಳಿತದ ಅನುಭವದಿಂದ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಶಾ ಕಾರ್ಯಕರ್ತೆಯರ ಮಾಸಿಕ ಸಭೆ ಹೇಗೂ ನಡೆಯುತ್ತದೆ. ಆ ಸಭೆಯ ಒಂದು ಗಂಟೆಯನ್ನು ವರದಿಗಳಿಂದ ಬಿಡಿಸಿ ದೇಹಕ್ಕೆ ಮೀಸಲಿಡಬಹುದು. ಅದರ ಜೊತೆಗೆ ವಾರಕ್ಕೊಮ್ಮೆ ಉಪಕೇಂದ್ರದಲ್ಲಿ ಸೇರುವ ಒಂದು ಗಂಟೆಯನ್ನು ತರಬೇತಿಯೆಂದು ಪರಿಗಣಿಸಿ ಭತ್ಯೆ ನೀಡಬೇಕು. ತಾಲ್ಲೂಕು ಆಸ್ಪತ್ರೆಯ ಸಿಬ್ಬಂದಿಗೂ ಸಹಾಯವಾಣಿಯವರಿಗೂ ದಿನದ ಹತ್ತು ನಿಮಿಷ ಪಾಳಿಯ ಒಳಗೇ ಸಿಗಬೇಕು, ಆ ಹೊತ್ತಿನಲ್ಲಿ ಕರೆ ಬರಬಾರದು.

ವ್ಯಾಯಾಮದ ಬಗೆಯೂ ಕೆಲಸಕ್ಕೆ ತಕ್ಕಂತಿರಬೇಕು. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆಯ ಜೊತೆಗೆ, ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕುಳಿತು ದುಡಿಯುವವರಿಗೆ ಮೊದಲನೆಯದು ಮುಖ್ಯ, ಅವರು ಎದ್ದು ನಡೆಯಲಿ. ನಡೆದು ದುಡಿಯುವವರಿಗೆ ಎರಡನೆಯದು ಮುಖ್ಯ. ತೊಡೆ, ಸೊಂಟ, ಬೆನ್ನನ್ನು ಬಲಪಡಿಸುವ ಸರಳ ಚಲನೆಗಳು, ಸೆಳೆತ ಸಡಿಲಿಸುವ ಆಸನಗಳು, ಕೊನೆಯಲ್ಲಿ ಐದು ನಿಮಿಷ ಸುಮ್ಮನೆ ಮಲಗುವ ಅವಕಾಶ. ಮಂಡಿನೋವಿರುವವರನ್ನು ಮೊದಲು ವೈದ್ಯರು ಪರೀಕ್ಷಿಸಬೇಕೆಂದು ಬೇರೆ ಹೇಳಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಹಾಜರಿ ಪುಸ್ತಕ ಬೇಡ. ಗುಂಪಿನ ವಾಟ್ಸ್‌ಆ್ಯಪಿಗೆ ಭಾವಚಿತ್ರ ಕಳುಹಿಸುವ ಕಡ್ಡಾಯ ಬೇಡ. ತೂಕ ಅಳೆದು ಎಲ್ಲರೆದುರು ಓದುವುದು ಬೇಡ. ಬಂದು ಮಾತನಾಡುತ್ತ ಕುಳಿತರೂ ಸರಿಯೆಂಬ ಔದಾರ್ಯವಿರಲಿ. ಏಕೆಂದರೆ ದಿನವಿಡೀ ಇತರರ ಸಂಕಟ ಕೇಳುವವರಿಗೆ ತಮ್ಮಂಥವರ ಜೊತೆ ಕೂಡುವುದೇ ಅರ್ಧ ಚಿಕಿತ್ಸೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಒಂದು ವರ್ಷ ಇದನ್ನು ನಡೆಸಿ ನೋಡಬಹುದು. ಅಳೆಯಲೇಬೇಕಿದ್ದರೆ ಮೂರನ್ನು ಅಳೆಯೋಣ: ನೋವು ಎಷ್ಟು ಇಳಿಯಿತು, ನಿದ್ದೆ ಎಷ್ಟು ಬಂತು, ವರ್ಷದ ಕೊನೆಗೆ ಎಷ್ಟು ಮಂದಿ ಕೆಲಸದಲ್ಲಿ ಉಳಿದರು. ಫಲ ಸಿಗದಿದ್ದರೆ ಅದನ್ನೂ ಪ್ರಾಮಾಣಿಕವಾಗಿ ಪ್ರಕಟಿಸೋಣ.

ಬಳ್ಳಾರಿಯಲ್ಲಿ ನಾಲ್ಕು ದಶಕಗಳ ಹಿಂದೆ ಒಂದು ಜಿಲ್ಲೆ ಮಾಡಿದ ಪ್ರಯೋಗ ದೇಶಕ್ಕೆ ಮಾದರಿಯಾಯಿತು. ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವುದು ಹೇಗೆಂದು ಅಂದು ಕಲಿತೆವು. ಒಯ್ಯುವವರನ್ನು ಉಳಿಸಿಕೊಳ್ಳುವುದು ಹೇಗೆಂದು ಕಲಿಯುವುದು ಬಾಕಿಯಿದೆ.

ಮಳೆಗಾಲ ಕಳೆದ ಮೇಲೆ ಮತ್ತೆ ಊರಿಗೆ ಹೋದಾಗ ಆ ಆಶಾ ಕಾರ್ಯಕರ್ತೆ ಸಿಕ್ಕಿದರು. ಡೆನ್ಮಾರ್ಕಿನ ಹತ್ತು ನಿಮಿಷದ ಕಥೆಯನ್ನು ಅವರಿಗೆ ಹೇಳಿದೆ. ಗಮನವಿಟ್ಟು ಕೇಳಿ, ‘ಅಲ್ಲಿ ಆ ಹತ್ತು ನಿಮಿಷಕ್ಕೂ ಸಂಬಳ ಇತ್ತಾ ಸಾರ್?’ ಎಂದು ಕೇಳಿದರು. ಕೆಲಸದ ಅವಧಿಯಲ್ಲೇ ಮಾಡಿಸಿದ್ದರು ಎಂದೆ. ‘ಹಾಗಾದ್ರೆ ಸರಿ’ ಎಂದು ಹೇಳಿ, ಅಣ್ಣನ ಮಾತ್ರೆ ಎಣಿಸಲು ಒಳಗೆ ಹೋದರು. ಅಣ್ಣ ಈಗ ತೋಟಕ್ಕೆ ಹೋಗಿ ಗರಿ ಆಯ್ದು ತರುವಷ್ಟು ಚೇತರಿಸಿಕೊಂಡಿದ್ದಾನೆ. ಅದರ ಹಿಂದೆ ಅಷ್ಟು ವರ್ಷಗಳ ಆಕೆಯ ನಡಿಗೆ ಇದೆ. ಆ ಮಂಡಿಗಳ ಹೊಣೆ ನಮ್ಮೆಲ್ಲರದು.